ಉಗಿ ಪಂಪಿನ ಪಿನ್ನು

"ಆ ಗಾಡಿ ಮೂಕಿಯೊಂದನ್ನ ತೆಗೆದುಬಿಡಿ ಭಾವ," ಎಂದಳು ಅವಳು, ಕ್ಯಾಮೆರಾದಿಂದ ಕಣ್ಣು ಕೀಳದೆ. "ಮುಖಕ್ಕೆ ಅಡ್ಡ ಕೋಲು ಹಿಡಿದ ಹಾಗೆ ಕಾಣ್ತಿದೆ."

ಭಾವ ಕೈಗಡಿಯಾರ ನೋಡಿಕೊಂಡರು. ಏಳು ನಲವತ್ತನಾಲ್ಕು. ಅಗ್ನಿಶಾಮಕ ಠಾಣೆಯ ಬಾಗಿಲಿಗೆ ಬಿಸಿಲು ಈಗಷ್ಟೇ ಇಳಿದಿತ್ತು. ಎದುರಿನ ಎರಡು ಕಟ್ಟಡಗಳ ಸಂದಿಯಿಂದ ತೂರಿ ಬರುವ ಈ ಬಿಸಿಲು ಇಪ್ಪತ್ತು ನಿಮಿಷ ಇದ್ದು ಮಾಯವಾಗುತ್ತದೆ. ಆ ಇಪ್ಪತ್ತು ನಿಮಿಷಕ್ಕಾಗಿ ಅವಳು ಮೂರು ವಾರದಿಂದ ಭಾವನ ಪ್ರಾಣ ತಿಂದಿದ್ದಳು.

ಬಿಸಿಲಲ್ಲಿ ನಿಂತಿದ್ದದ್ದು ನೂರು ವರ್ಷ ದಾಟಿದ ಉಗಿ ಪಂಪು. ನಾಲ್ಕು ಕಬ್ಬಿಣದ ಪಟ್ಟಿಯ ಚಕ್ರ, ಹಿಂದೆ ಹಿತ್ತಾಳೆ ಸುತ್ತಿದ ಬಾಯ್ಲರು, ನಡುವೆ ಎರಡು ಪಿಸ್ಟನ್ನು, ಮುಂದೆ ಕುದುರೆ ಹೂಡುತ್ತಿದ್ದ ಕಾಲದ ಉದ್ದನೆಯ ಮರದ ಮೂಕಿ. ಠಾಣೆಯವರು ಅದನ್ನು ಮುದುಕಿ ಎಂದೇ ಕರೆಯುತ್ತಿದ್ದರು. "ಮುದುಕಿಗೆ ಸ್ನಾನ ಆಯ್ತಾ?" ಎಂದರೆ ಹಿತ್ತಾಳೆ ಉಜ್ಜಿ ಆಯಿತೇ ಎಂದರ್ಥ. ಎರಡು ಟನ್ ತೂಕದ ಈ ಮುದುಕಿ ಮಾಮೂಲಿಯಾಗಿ ಮೂಲೆಯ ಶೆಡ್ಡಿನಲ್ಲಿ ಕೂತಿರುತ್ತಿದ್ದಳು. ಇವತ್ತು ಅವಳನ್ನು ಹೊರಗೆಳೆದು, ಠಾಣೆಯ ಬಾಗಿಲ ಮುಂದಿನ ಹಳದಿ ಗೆರೆಯ ಮೇಲೆ, ಕೆಲಸದ ಕೆಂಪು ಲಾರಿಯ ಮೂತಿಗೆ ನೇರವಾಗಿ ನಿಲ್ಲಿಸಿದ್ದರು. ಹಳೆಯದು ಮುಂದೆ, ಹೊಸದು ಹಿಂದೆ. ಹನ್ನೊಂದು ವರ್ಷದಿಂದ ಅವಳು ಮಾಡುತ್ತಿದ್ದ ಹಳೆಯ ಇಂಜಿನ್ನುಗಳ ಪುಸ್ತಕದ ಮುಖಪುಟಕ್ಕೆ ಇದೇ ಚಿತ್ರ ಬೇಕಿತ್ತು.

ಆ ಹಳದಿ ಗೆರೆಯ ಹತ್ತಿರ ಒಂದು ಬಕೆಟ್ಟನ್ನೂ ಇಡಕೂಡದು. ಅದು ಠಾಣೆಯ ನಿಯಮ, ಅದಕ್ಕಿಂತ ಹೆಚ್ಚಾಗಿ ಭಾವನ ನಿಯಮ. ಮೂವತ್ತೊಂದು ವರ್ಷ ಬೆಂಕಿ ಲಾರಿ ಓಡಿಸಿದ ಡ್ರೈವರು ಅವರು. ಗಂಟೆ ಹೊಡೆದ ಒಂದು ನಿಮಿಷದೊಳಗೆ ಅವರ ಲಾರಿ ಗೆರೆ ದಾಟದ ದಿನವೇ ಇರಲಿಲ್ಲ. ಮನೆಯಲ್ಲೂ ಅದೇ ಗೀಳು. ಬೂಟಿನ ಮೇಲೆ ಪ್ಯಾಂಟು ಮಡಚಿ ನಿಲ್ಲಿಸಿಟ್ಟು, ಕಾಲು ತೂರಿಸಿದರೆ ಸಾಕು ಎನ್ನುವ ಹಾಗೆ ಮಾಡಿಕೊಂಡೇ ಮಲಗುವ ಮನುಷ್ಯ. "ಮದುವೆ ದಿನವೂ ಇವರು ಬಾಗಿಲ ಕಡೆ ಮುಖ ಮಾಡ್ಕೊಂಡೇ ಕೂತಿದ್ರು, ನನ್ನ ಕಡೆ ಅಲ್ಲ," ಎಂದು ಅವಳ ಅಕ್ಕ ಹಂಗಿಸುತ್ತಿದ್ದಳು.

ಅಂಥವರು ಒಪ್ಪಿದ್ದು ಸುಮ್ಮನೆ ಅಲ್ಲ. ಹಿಂದಿನ ಸಂಜೆಯೇ ನಾಲ್ವರನ್ನು ನಿಲ್ಲಿಸಿಕೊಂಡು, ಮೂಕಿ ಸಿಕ್ಕಿಸಿ, ಪಿನ್ನು ಹಾಕಿ, ಮುದುಕಿಯನ್ನು ಪಕ್ಕಕ್ಕೆ ಎಳೆಯಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಹಿಡಿದು ನೋಡಿದ್ದರು. ನಲವತ್ತು ಸೆಕೆಂಡು. ಜನ ಬೂಟು ಹಾಕಿ ಲಾರಿ ಹತ್ತುವಷ್ಟರಲ್ಲಿ ದಾರಿ ತೆರವು. ಇನ್ನು ಐದು ತಿಂಗಳಿಗೆ ನಿವೃತ್ತಿ. ತನ್ನ ಲಾರಿ ಪುಸ್ತಕದ ಮುಖಪುಟದಲ್ಲಿ ಬರುತ್ತದೆಂದರೆ ಬೇಡ ಎನ್ನಲು ಅವರಿಂದಲೂ ಆಗಲಿಲ್ಲ, ಪಾಪ.

"ಐದೇ ನಿಮಿಷ," ಎಂದು ಭಾವ ಬಗ್ಗಿ ಮೂಕಿಯ ಬುಡದ ಪಿನ್ನು ಕಿತ್ತರು. ಹೆಬ್ಬೆರಳು ದಪ್ಪದ, ಅಂಗೈ ಉದ್ದದ ಕಬ್ಬಿಣದ ಪಿನ್ನು, ತಲೆಯಲ್ಲೊಂದು ಬಳೆ. ಅದನ್ನು ಒಂದು ತಗಡಿನ ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಮುಂದಿನ ಚಕ್ರದ ಪಕ್ಕ ನೆಲದ ಮೇಲಿಟ್ಟರು. ಮೂಕಿಯನ್ನು ಗೋಡೆಗೆ ಒರಗಿಸಿ, ಲಾರಿಯ ಟೈರು ನೋಡಲು ಹಿಂದಕ್ಕೆ ಹೋದರು.

ಅವಳು ಮತ್ತೆ ಕ್ಯಾಮೆರಾಕ್ಕೆ ಕಣ್ಣಿಟ್ಟು, ಬೆಳಕು ನೋಡಲು ಒಂದು ಚಿತ್ರ ತೆಗೆದಳು. ಈಗ ಸರಿ. ಆದರೆ ಕೆಳಗೆ ಚಕ್ರದ ಪಕ್ಕ ಏನೋ ಹೊಳೆಯುತ್ತಿದೆ. ಥೂ, ಆ ತಟ್ಟೆ. ಅವಳು ಹೋಗಿ ಅದನ್ನು ಕಾಲಿನಿಂದ ಕಂಬದ ಹಿಂದಕ್ಕೆ ಸರಿಸಿದಳು. ಪಿನ್ನು ಉರುಳಿ ಹೊರಗೆ ಬಿತ್ತು. ಎತ್ತಿಕೊಂಡಳು.

ಚೌಕಟ್ಟಿನೊಳಗೆ ಬೇಡದ್ದು ಕಂಡರೆ ಹೆಕ್ಕಿ ಜೇಬಿಗೆ ಹಾಕಿಕೊಳ್ಳುವುದು ಅವಳ ಹಳೆಯ ಚಾಳಿ. ಬೀಡಿ ತುಂಡು, ಬಾಟಲಿ ಮುಚ್ಚಳ, ಹರಿದ ದಾರ, ಏನಾದರೂ ಸರಿ. ಅವಳ ಹನ್ನೆರಡು ಜೇಬಿನ ಕೋಟನ್ನು ಒಗೆಯುವ ಮೊದಲು ಅಕ್ಕ ತಲೆಕೆಳಗು ಮಾಡಿ ಕೊಡವುತ್ತಿದ್ದಳು. ಒಮ್ಮೆ ಯಾವುದೋ ರೋಡ್ ರೋಲರಿನ ಎಣ್ಣೆ ಟ್ಯಾಂಕಿನ ಮುಚ್ಚಳವೇ ಬಿದ್ದಿತ್ತು. "ಕಳೆದುಹೋದ ಮಕ್ಕಳೂ ಸಿಕ್ಕಾವು ನಿನ್ನ ಜೇಬಲ್ಲಿ," ಎಂದು ಅಕ್ಕ ನಕ್ಕಿದ್ದಳು. ಬ್ಯಾಟರಿ, ಲೆನ್ಸು, ಒರೆಸುವ ಬಟ್ಟೆ ತುಂಬಿ ಮೊದಲೇ ಜೋಲುತ್ತಿದ್ದ ಆ ಕೋಟಿಗೆ ಒಂದು ಪಿನ್ನಿನ ಭಾರ ಗೊತ್ತಾಗುವಂಥದ್ದೇ ಅಲ್ಲ.

ಅವಳು ಮೂರು ಚಿತ್ರ ತೆಗೆದಳು. ನಾಲ್ಕನೆಯದಕ್ಕೆ ಠಾಣೆಯ ಜನರನ್ನು ಲಾರಿಯ ಮುಂದೆ ನಿಲ್ಲಿಸಿದಳು. ಎಡಗೈ ಎತ್ತಿ, ಅಂಗೈ ಅವರ ಕಡೆ ತೋರಿಸಿ, "ಹಾಗೇ ಇರಿ, ಅಲ್ಲಾಡಬೇಡಿ," ಎಂದಳು. ಮದುವೆ ಮನೆಗಳಲ್ಲಿ ಸಾವಿರ ಸಲ ಎತ್ತಿದ ಕೈ ಅದು. ಹೊಟ್ಟೆಪಾಡಿಗೆ ಮದುವೆ ಫೋಟೋ, ಜೀವಕ್ಕೆ ಇಂಜಿನ್ನು. ಸಕ್ಕರೆ ಕಾರ್ಖಾನೆಯ ಉಗಿಬಂಡಿ, ನೀರಿನ ಮನೆಯ ದೈತ್ಯ ಪಂಪು, ಬಂದರಿನ ಕ್ರೇನು ಎಲ್ಲಕ್ಕೂ ಅವಳು ಕೈ ಎತ್ತಿ ಹಾಗೇ ಇರಿ ಎಂದವಳೇ.

ಏಳು ಐವತ್ತೊಂದಕ್ಕೆ ಗಂಟೆ ಹೊಡೆಯಿತು.

"ಅಂಗಡಿ ಬೀದಿ! ದರ್ಜಿ ಅಂಗಡಿಗೆ ಬೆಂಕಿ! ಮೇಲೆ ಮನುಷ್ಯ ಇದ್ದಾನಂತೆ!" ಫೋನ್ ಕೋಣೆಯ ಕಿಟಕಿಯಿಂದ ಅಲ್ಲಿನ ಹೆಂಗಸು ಕೂಗಿದಳು.

ಲಾರಿ ಗುಡುಗಿತು. ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದ ದಪ್ಪ ಮೀಸೆಯ ಫೈರ್‌ಮನ್ನು ಮೂಕಿಯನ್ನು ಹೊತ್ತು ಓಡಿ ಬಂದು ಅದರ ಬುಡವನ್ನು ಮುದುಕಿಯ ಮುಂದಿನ ಕಬ್ಬಿಣದ ಕಿವಿಯೊಳಗೆ ತೂರಿಸಿದ. ಭಾವ ತಟ್ಟೆಗಾಗಿ ಚಕ್ರದ ಪಕ್ಕ ಕೈ ಹಾಕಿದರು. ತಟ್ಟೆ ಇಲ್ಲ. ಕಂಬದ ಹಿಂದೆ ಕಂಡಿತು, ಎಳೆದರು. ಖಾಲಿ.

"ಪಿನ್ನು ಎಲ್ಲಿ? ಪಿನ್ನು!"

ಮೀಸೆ ತನ್ನ ಸ್ಕ್ರೂಡ್ರೈವರ್ ತೂರಿಸಿದ. ಎಳೆದ ಕೂಡಲೇ ಅದು ಹುಲ್ಲುಕಡ್ಡಿಯ ಹಾಗೆ ಬಾಗಿತು. ಹಿಂದಿನಿಂದ ತಳ್ಳಿದರು. ದಾರಿ ತೋರಿಸುವ ಮೂಕಿ ಇಲ್ಲದೆ ಮುಂದಿನ ಚಕ್ರಗಳು ಅಡ್ಡ ತಿರುಗಿ, ಮುದುಕಿ ಹೋಗಿ ಬಾಗಿಲ ಕಂಬಕ್ಕೆ ಮೂತಿ ಒತ್ತಿ ನಿಂತಳು. ಹಾರೆ ತಂದರು. ಆರು ಜನ ಹಾರೆ ಮೀಟಿ, ಭುಜ ಕೊಟ್ಟು, ಬೈದು, ಬೆವರಿ, ಕಬ್ಬಿಣದ ಪಟ್ಟಿ ಕಲ್ಲಿನ ಮೇಲೆ ಕಿರಗುಟ್ಟುವ ಹಾಗೆ ಗೇಣು ಗೇಣಾಗಿ ಪಕ್ಕಕ್ಕೆ ಜರುಗಿಸಿದರು. ಕೊನೆಗೆ ಭಾವ ಲಾರಿ ಹತ್ತಿ, ಒಂದು ಕನ್ನಡಿ ಕಂಬಕ್ಕೆ ಬಡಿದು ಮುರಿದರೂ ಲೆಕ್ಕಿಸದೆ ಹೊರಗೆ ನುಗ್ಗಿಸಿದರು.

ಅಷ್ಟು ಹೊತ್ತೂ ಅವಳು ಫೋಟೋ ತೆಗೆಯುತ್ತಿದ್ದಳು. ಇದನ್ನು ಮೆತ್ತಗೆ ಹೇಳುವ ದಾರಿ ಇಲ್ಲ. ಕೊಟ್ಟ ಭುಜಗಳ ಜೊತೆ ತನ್ನದೂ ಒಂದು ಭುಜ ಕೊಡಬಹುದಿತ್ತು. ಅದು ಹೊಳೆಯಲೇ ಇಲ್ಲ. ಹನ್ನೊಂದು ವರ್ಷ ನಿಂತ ಇಂಜಿನ್ನುಗಳನ್ನು ಹಿಡಿದವಳ ಕಣ್ಣಮುಂದೆ, ಅಪರೂಪದ ಬಿಸಿಲಲ್ಲಿ, ನಿಜವಾದ ಮನುಷ್ಯರು ನಿಜವಾದ ಇಂಜಿನ್ನನ್ನು ತಳ್ಳುತ್ತಿದ್ದರು. ಬೆರಳು ತನ್ನಷ್ಟಕ್ಕೆ ಒತ್ತುತ್ತಾ ಹೋಯಿತು.

ಸೈರನ್ನಿನ ಸದ್ದು ಬೀದಿಯ ತಿರುವಿನಲ್ಲಿ ಸಣ್ಣದಾಯಿತು. ಅಂಗಳದಲ್ಲಿ ಬಾಗಿದ ಸ್ಕ್ರೂಡ್ರೈವರು, ಎರಡು ಹಾರೆ, ಒಡೆದ ಕನ್ನಡಿಯ ಚೂರು ಬಿದ್ದಿದ್ದವು. ಲೆನ್ಸಿನ ಮುಚ್ಚಳಕ್ಕಾಗಿ ಅವಳು ಜೇಬಿಗೆ ಕೈ ಹಾಕಿದಳು. ತಣ್ಣನೆಯ ಬಳೆಯೊಂದು ಬೆರಳಿಗೆ ಸಿಕ್ಕಿಕೊಂಡಿತು.

ಫೋನ್ ಕೋಣೆಯ ಹೆಂಗಸು ಕಿಟಕಿಯಿಂದ ಅವಳನ್ನೇ ನೋಡುತ್ತಿದ್ದಳು. "ಕೂತ್ಕೊಳ್ಳಿ ಅಕ್ಕ, ಮುಖ ಬಿಳಿಚಿಕೊಂಡಿದೆ," ಎಂದಳು. ಆಗಲೇ ಹೇಳಬಹುದಿತ್ತು. ಜೇಬಿನಿಂದ ಕೈ ತೆಗೆದು ತೋರಿಸಿದ್ದರೆ ಆಗುತ್ತಿತ್ತು. ಅವಳು ಕೈಯನ್ನು ಜೇಬಿನೊಳಗೇ ಮುಷ್ಟಿ ಮಾಡಿಕೊಂಡು, "ಬಿಸಿಲು ಹೋಯ್ತು, ಬರ್ತೀನಿ," ಎಂದು ಮನೆಗೆ ನಡೆದಳು.

ಅವಳು ಇದ್ದದ್ದು ಅಕ್ಕ ಭಾವನ ಮನೆಯ ಮಹಡಿಯ ಕೋಣೆಯಲ್ಲಿ. ಆ ದಿನ ಅಲ್ಲಿ ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು ಅನಿಸುತ್ತಿತ್ತು. ಪಿನ್ನನ್ನು ಮೊದಲು ದಿಂಬಿನ ಕೆಳಗಿಟ್ಟಳು. ಆಮೇಲೆ ಪುಸ್ತಕಗಳ ಹಿಂದೆ. ಆಮೇಲೆ ಲೆನ್ಸಿನ ಚೀಲದ ತಳದಲ್ಲಿ, ಅಕ್ಕನ ಕೈ ಹೋಗದ ಕಡೆ. ಕಾಲು ಸುಟ್ಟ ಬೆಕ್ಕಿನಂತೆ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದವಳನ್ನು ನೋಡಿ ಅಕ್ಕ, "ಏನೇ, ನೆಲ ಸವೆಯುತ್ತೆ," ಎಂದಳು.

ಸಂಜೆ ಭಾವ ಬಂದು ಬೂಟು ಬಿಚ್ಚದೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. ಅಕ್ಕ ಕೊಟ್ಟ ಟೀ ಕೈಯಲ್ಲೇ ತಣ್ಣಗಾಯಿತು.

"ದರ್ಜಿ ಮೇಲಿನ ಕಿಟಕಿಯಿಂದ ಹಾರಿಬಿಟ್ಟ," ಎಂದರು. "ನಾವು ತಿರುವಿನಲ್ಲಿದ್ವಿ. ಅವನು ಕಿಟಕಿ ಮೇಲೆ ಕೂತಿದ್ದು, ನಮ್ಮ ಕಡೆ ನೋಡಿದ್ದು, ಹಾರಿದ್ದು, ಎಲ್ಲ ನಾನು ಕಣ್ಣಾರೆ ನೋಡ್ದೆ. ಏಣಿ ನನ್ನ ತಲೆ ಮೇಲೇ ಇತ್ತು ಕಣೇ. ನನ್ನ ತಲೆ ಮೇಲೆ."

"ಜೀವ?" ಅಕ್ಕ ಕೇಳಿದಳು.

"ಜೀವ ಇದೆ. ಎರಡೂ ಕಾಲು ಮುರಿದಿದೆ. ದರ್ಜಿ ಕೆಲಸ ಅಂದ್ರೆ ಕಾಲಲ್ಲೇ ಅಲ್ವಾ, ಮೆಷಿನ್ ತುಳಿಯೋದು." ಅವರು ತಮ್ಮ ಬೂಟುಗಳನ್ನೇ ನೋಡುತ್ತಿದ್ದರು. "ಮೂರೂವರೆ ನಿಮಿಷ ತಡ. ಶನಿವಾರ ದೊಡ್ಡ ಸಾಹೇಬರು ವಿಚಾರಣೆಗೆ ಬರ್ತಾರೆ. ಅಲ್ಲೀವರೆಗೆ ಲಾರಿ ಮುಟ್ಟಬಾರದು ಅಂತ ಕೀ ಇಸ್ಕೊಂಡ್ರು."

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಭಾವ ತಲೆ ಎತ್ತಿ ನಗಲು ನೋಡಿದರು. "ನೀನ್ಯಾಕೆ ಹಾಗೆ ನಿಂತಿದ್ದೀಯ? ನಿನ್ನ ಹೆಸರು ಬರಲ್ಲ, ಹೆದರಬೇಡ. ಅನುಮತಿ ಕೊಟ್ಟಿದ್ದು ನಾನು. ಪಿನ್ನು ಕಿತ್ತಿದ್ದು ನಾನು. ಇಟ್ಟಿದ್ದೂ ನಾನೇ. ಎಲ್ಲಿಟ್ಟೆ ಅನ್ನೋದೊಂದೇ ಗೊತ್ತಾಗ್ತಿಲ್ಲ. ತಟ್ಟೆಗೆ ಹಾಕಿದ ನೆನಪು ಇಷ್ಟು ಗಟ್ಟಿಯಾಗಿದೆ. ತಟ್ಟೆ ನೋಡಿದ್ರೆ ಖಾಲಿ."

ಈಗ ಹೇಳಬೇಕು, ಈಗ, ಎಂದುಕೊಂಡಳು. ಭಾವ ಎದ್ದು ಬಚ್ಚಲಿಗೆ ಹೋದರು. ಅಂದು ಅವರು ಬೂಟನ್ನು ಬಾಗಿಲ ಹೊರಗೆ, ಎಲ್ಲರ ಚಪ್ಪಲಿಗಳ ಜೊತೆ ಬಿಟ್ಟರು.

ಮರುದಿನ ಬುಧವಾರ ಅವಳು ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿದಳು. ನೋಡಬಾರದು ಎಂದುಕೊಂಡೇ ಹಾಕಿದಳು. ಗಂಟೆ ಹೊಡೆದ ಮೇಲೆ ತೆಗೆದವು ನಲವತ್ತೊಂದು. ಪ್ರತಿಯೊಂದರ ಮೂಲೆಯಲ್ಲೂ ಗಂಟೆ, ನಿಮಿಷ, ಸೆಕೆಂಡು. ಏಳು ಐವತ್ತೊಂದರಿಂದ ಏಳು ಐವತ್ತೈದರವರೆಗೆ ಆರು ಜನ ಬಾಗಿ, ಎದ್ದು, ಮತ್ತೆ ಬಾಗುತ್ತಿದ್ದರು. ಅವುಗಳ ನಡುವೆ ಒಂದು ಚಿತ್ರ ಇತ್ತು. ಭಾವ ಚಕ್ರದ ಪಕ್ಕ ಮಂಡಿಯೂರಿದ್ದಾರೆ. ಕೈಯಲ್ಲಿ ಖಾಲಿ ತಟ್ಟೆ. ಮುಖ ಎತ್ತಿ ಬಾಯಿ ತೆರೆದು ಏನೋ ಕೂಗುತ್ತಿದ್ದಾರೆ. ಹಣೆಯ ಒಂದೊಂದು ನರವೂ ಕಾಣುತ್ತದೆ. ಹಿತ್ತಾಳೆಯಿಂದ ಪುಟಿದ ಬೆಳಕು ಅರ್ಧ ಮುಖದ ಮೇಲಿದೆ.

ಅವಳಿಗೆ ಮೊದಲು ಆದದ್ದು ಖುಷಿ. ಎಂಥ ಮುಖ! ಹನ್ನೊಂದು ವರ್ಷದಲ್ಲಿ ಇಂಥದ್ದೊಂದು ಸಿಕ್ಕಿರಲಿಲ್ಲ. ಮರುಗಳಿಗೆಗೆ ಆ ಖುಷಿಗೇ ಅಸಹ್ಯವಾಗಿ ಕಂಪ್ಯೂಟರು ಆರಿಸಿ ಬೀದಿಗೆ ಹೋದಳು. ಎರಡು ಸುತ್ತು ಹಾಕಿ ಬಂದು ಮತ್ತೆ ಅದನ್ನೇ ನೋಡಿದಳು.

ಗುರುವಾರ ಒಂದು ಉಪಾಯ ಹೊಳೆಯಿತು. ಪಿನ್ನನ್ನು ಠಾಣೆಯ ಯಾವುದಾದರೂ ಸಂದಿಯಲ್ಲಿ ಬೀಳಿಸಿಬಿಡುವುದು. ಯಾರಿಗಾದರೂ ಸಿಗುತ್ತದೆ. ಉರುಳಿ ಹೋಗಿತ್ತು ಎಂದಾಗುತ್ತದೆ. ಯಾರ ತಪ್ಪೂ ಅಲ್ಲ, ಕಬ್ಬಿಣದ ತಪ್ಪು. ಪುಣ್ಯ ಕಟ್ಟಿಕೊಂಡವಳಂತೆ ಹಗುರಾಗಿ, ಕೋಟು ತೊಟ್ಟು ಠಾಣೆಗೆ ಹೋದಳು.

ಭಾವ ಅಂಗಳದಲ್ಲಿ ಕೈ, ಮಂಡಿ ಊರಿ ಬಗ್ಗಿದ್ದರು. ದಾರಕ್ಕೆ ಕಟ್ಟಿದ ಆಯಸ್ಕಾಂತವನ್ನು ಚರಂಡಿಯ ಜಾಲರಿಯೊಳಗೆ ಇಳಿಸಿ, ಎಳೆದು, ಅಂಟಿದ ಮೊಳೆ, ವಾಷರುಗಳನ್ನು ಪಕ್ಕದಲ್ಲಿ ಸಾಲಾಗಿ ಜೋಡಿಸುತ್ತಿದ್ದರು. ಆಗಲೇ ಅಂಗಳದ ಅರ್ಧಕ್ಕೆ ಸೀಮೆಸುಣ್ಣದಲ್ಲಿ ಚೌಕ ಚೌಕ ಗೆರೆ ಎಳೆದು, ಹುಡುಕಿ ಮುಗಿದ ಚೌಕಗಳಿಗೆ ಗುರುತು ಹಾಕಿದ್ದರು.

ಮೀಸೆ ಅವಳ ಪಕ್ಕ ಬಂದು ನಿಂತು ದನಿ ತಗ್ಗಿಸಿದ. "ನಿನ್ನೆಯಿಂದ ಇದೇ ಕೆಲಸ ಅಕ್ಕ. ಮುದುಕಿ ಶೆಡ್ಡು ಮೂರು ಸಲ ಗುಡಿಸಿದ್ರು. ಸಿಗದಿದ್ರೇ ಒಳ್ಳೇದೇನೋ ಅನ್ಸುತ್ತೆ ನನಗೆ."

"ಯಾಕೆ?"

"ನೋಡಿದ ಜಾಗದಲ್ಲೇ ಸಿಕ್ಕಿತು ಅಂದ್ರೆ ತಮ್ಮ ಕಣ್ಣೂ ಹೋಯ್ತು ಅಂದ್ಕೊಳ್ತಾರೆ. ಇವಾಗಲೇ ನಮ್ಮನ್ನ ಕೇಳ್ತಾರೆ, 'ಏನ್ರಪ್ಪಾ, ನಾನು ಇತ್ತೀಚೆಗೆ ಏನಾದ್ರೂ ಮರೀತಿದ್ನಾ, ನಿಜ ಹೇಳಿ' ಅಂತ. ಮೂವತ್ತೊಂದು ವರ್ಷ ಒಂದು ಸ್ಪ್ಯಾನರ್ ಕಳೆದೋರಲ್ಲ."

ಅವಳ ಉಪಾಯ ಅಲ್ಲೇ ಸತ್ತು ಬಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಭಾವ ಆಯಸ್ಕಾಂತ ಎಸೆದು ಎದ್ದು ಲಾರಿಯ ಕಡೆ ಮೂರು ಹೆಜ್ಜೆ ಓಡಿದರು. ಮೂರೇ ಹೆಜ್ಜೆ. ನಾಲ್ಕನೆಯದಕ್ಕೆ ನೆನಪಾಯಿತು. ಬೇರೆ ಯಾರೋ ಸ್ಟಿಯರಿಂಗಿಗೆ ಕೂತು ಲಾರಿ ಹೊರಟಿತು. ಭಾವ ಗೋಡೆಗೆ ಬೆನ್ನು ಒತ್ತಿ ದಾರಿ ಬಿಟ್ಟು, ಕೈಗಡಿಯಾರ ನೋಡಿದರು. "ಐವತ್ತೆಂಟು ಸೆಕೆಂಡು," ಎಂದರು ತಮಗೆ ತಾವೇ. ಆಮೇಲೆ ಮಂಡಿಯ ಧೂಳನ್ನೂ ಕೊಡವದೆ ಮತ್ತೆ ಚರಂಡಿಯ ಬಳಿ ಕೂತರು.

ಜೇಬಿನಲ್ಲಿ ಪಿನ್ನು, ಅದರ ಮೇಲೆ ಅವಳ ಬೆವತ ಕೈ. ಹಾಗೇ ಹೋದವಳು ಹಾಗೇ ಬಂದಳು.

ಶುಕ್ರವಾರ ಬೆಳಿಗ್ಗೆ ಪುಸ್ತಕದವರ ಫೋನು ಬಂತು. ಮುಖಪುಟ ಎಲ್ಲಿ, ಅಚ್ಚಿಗೆ ಹೋಗಬೇಕು ಎಂದರು. "ಸರಿಯಾಗಿ ಬಂದಿಲ್ಲ," ಎಂದು ಅವಳು ಫೋನಿಟ್ಟಳು. ಕೆಳಗೆ ಅಕ್ಕ ತರಕಾರಿ ಹೆಚ್ಚುತ್ತಿದ್ದಳು. ಈರುಳ್ಳಿ ಇರಲಿಲ್ಲ, ಆದರೂ ಅಕ್ಕನ ಕಣ್ಣಲ್ಲಿ ನೀರಿತ್ತು.

"ಇಲ್ಲಿ ನೋಡು," ಎಂದು ಅಕ್ಕ ಗೋಡೆಯ ಕಡೆ ಚಾಕು ತೋರಿಸಿದಳು. ಒಲೆಯ ಮೇಲೆ ಭಾವನ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿತ್ತು: ಗ್ಯಾಸ್ ಆರಿಸಿದೆಯಾ ನೋಡು. ಬಾಗಿಲ ಹಿಂದೆ ಇನ್ನೊಂದು: ಬೀಗದ ಕೈ. "ನನಗೆ ಬರೆದಿದ್ದಲ್ಲ ಇದು. ಅವರಿಗೇ ಬರ್ಕೊಂಡಿರೋದು. ಬೀಗದ ಕೈ ದಾರ ಕಟ್ಟಿ ಕುತ್ತಿಗೆಗೆ ಹಾಕ್ಕೊಂಡಿದ್ದಾರೆ, ಸ್ಕೂಲ್ ಮಗು ಥರ. ರಾತ್ರಿ ನನ್ನ ಕೇಳ್ತಾರೆ, ಅವರಪ್ಪನಿಗೆ ಮರೆವು ಶುರು ಆಗಿದ್ದು ಎಷ್ಟನೇ ವಯಸ್ಸಿಗೆ ಅಂತ." ಅಕ್ಕ ಚಾಕು ಕೆಳಗಿಟ್ಟಳು. "ಕೆಲಸ ಹೋದ್ರೆ ಹೋಗ್ಲಿ ಕಣೇ. ಐದು ತಿಂಗಳು ಮುಂಚೆ ಮನೆಗೆ ಬರ್ತಾರೆ, ಅಷ್ಟೇ ತಾನೇ. ಆದ್ರೆ ತನ್ನ ತಲೆ ಮೇಲೇ ನಂಬಿಕೆ ಹೋದ ಗಂಡಸನ್ನ ಇಟ್ಕೊಂಡು ನಾನೇನು ಮಾಡ್ಲಿ?"

ಅವಳು ಆ ಚೀಟಿಯನ್ನೇ ನೋಡುತ್ತಾ ನಿಂತಳು. ಗ್ಯಾಸ್ ಎಂಬ ಪದದ ಕೆಳಗೆ ಭಾವ ಎರಡು ಗೆರೆ ಎಳೆದಿದ್ದರು.

"ಅಕ್ಕ, ಪಿನ್ನು ನನ್ನ ಹತ್ರ ಇದೆ."

ಅಕ್ಕ ಅವಳ ಕೋಟನ್ನು ನೋಡಿದಳು. ಹನ್ನೆರಡು ಜೇಬುಗಳನ್ನೂ ಒಂದೊಂದಾಗಿ ಎಣಿಸುವವಳಂತೆ ನೋಡಿದಳು.

"ಯಾವಾಗಿಂದ?"

"ಮೊದಲಿಂದ."

"ನಾಲ್ಕು ದಿನ," ಎಂದಳು ಅಕ್ಕ. "ನಾಲ್ಕು ದಿನ ನನ್ನ ಕೈಯಡುಗೆ ಉಂಡು, ಅವರ ಎದುರಿಗೆ ಕೂತು..." ತರಕಾರಿಯ ತಟ್ಟೆಯನ್ನು ಅತ್ತ ತಳ್ಳಿದಳು. "ನನಗೆ ಹೇಳಿ ಏನು ಬಂತು? ಹೋಗು. ಅವರಿಗೆ ಹೇಳು. ಹೇಳೋವರೆಗೆ ಈ ಅಡುಗೆಮನೆಗೆ ಕಾಲಿಡಬೇಡ."

ಭಾವ ಆ ದಿನ ಮನೆಗೆ ಬಂದದ್ದು ತಡವಾಗಿ. ಅವಳು ಮೆಟ್ಟಿಲ ಮೇಲೆ ಕಾದು ಕೂತಿದ್ದಳು. ಅವರು ಬಂದು, ಬೀಗ ಹಾಕಿ, ಎಳೆದು ನೋಡಿ, ಎರಡು ಹೆಜ್ಜೆ ನಡೆದು, ತಿರುಗಿ ಬಂದು ಮತ್ತೆ ಎಳೆದು ನೋಡಿದರು. ಅವಳ ಧೈರ್ಯ ಅಲ್ಲೇ ಕರಗಿತು. ನಾಳೆ, ಎಂದುಕೊಂಡಳು. ಹೇಡಿಗಳಿಗೆ ನಾಳೆ ಎನ್ನುವುದು ಯಾವಾಗಲೂ ಕೈಗೆಟಕುವ ಹಾಗೆಯೇ ಇರುತ್ತದೆ.

ಆ ನಾಳೆ ಶನಿವಾರವಾಗಿತ್ತು. ದೊಡ್ಡ ಸಾಹೇಬರು ಬರುವುದು ಹತ್ತಕ್ಕೆ. ಅವಳು ಒಂಬತ್ತೂವರೆಗೆ ಠಾಣೆಗೆ ಹೋದಳು. ಭಾವ ಮೂಲೆಯ ಶೆಡ್ಡಿನಲ್ಲಿ, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಮುದುಕಿಯ ಹಿತ್ತಾಳೆ ಉಜ್ಜುತ್ತಿದ್ದರು. ಬಾಗಿಲ ಕಂಬಕ್ಕೆ ಒತ್ತಿದಾಗ ಮುಂದಿನ ಚಕ್ರದ ಒಂದು ಕಡ್ಡಿ ಸೀಳಿತ್ತು. ಅದಕ್ಕೆ ಆಸ್ಪತ್ರೆಯಲ್ಲಿ ಕಟ್ಟುವ ಹಾಗೆ ಬಟ್ಟೆ ಸುತ್ತಿ ಕಟ್ಟಿದ್ದರು.

ಅವಳು ಪಿನ್ನು ತೆಗೆದು ಚಾಚಿದಳು.

ಭಾವ ಅದನ್ನು ನೋಡಿದರು. ತೆಗೆದುಕೊಂಡು ಬಟ್ಟೆಯಿಂದ ಒರೆಸಿದರು. ಮೂಕಿಯ ಬುಡದ ತೂತಿಗೆ ಇಳಿಸಿದರು. ಟಕ್ ಎಂದು ಕೂತಿತು. ಮತ್ತೆ ಕಿತ್ತು ಮತ್ತೆ ಇಳಿಸಿದರು. ಅವರ ಭುಜಗಳು ನಿಧಾನವಾಗಿ ಕೆಳಗಿಳಿದವು, ಎಷ್ಟೋ ದಿನದಿಂದ ಹೊತ್ತದ್ದನ್ನು ಯಾರೋ ಇಳಿಸಿಕೊಂಡ ಹಾಗೆ.

"ತಟ್ಟೆಗೇ ಹಾಕಿದ್ದೆ," ಎಂದರು.

"ಹೂಂ ಭಾವ. ತಟ್ಟೆಗೇ ಹಾಕಿದ್ರಿ."

"ಗ್ಯಾರಂಟಿ?"

"ಗ್ಯಾರಂಟಿ. ಫೋಟೋದಲ್ಲಿ ಕಾಣುತ್ತೆ. ತಟ್ಟೆ ಅಡ್ಡ ಬಂತು ಅಂತ ನಾನು ಸರಿಸಿದೆ. ಪಿನ್ನು ಜೇಬಿಗೆ ಹಾಕ್ಕೊಂಡೆ. ಹಾಕ್ಕೊಂಡಿದ್ದು ಗೊತ್ತೇ ಆಗ್ಲಿಲ್ಲ. ಆದ್ರೆ ಲಾರಿ ಹೋದ ಮೇಲೆ ಗೊತ್ತಾಯ್ತು. ಆವಾಗಿಂದ ಗೊತ್ತಿತ್ತು." ಒಂದೇ ಉಸಿರಿಗೆ ಹೇಳಿ, ಬೈಗುಳಕ್ಕೆ ಕಾದಳು. ಬೈದಿದ್ದರೆ ಚೆನ್ನಾಗಿತ್ತು.

ಭಾವ ಬೈಯಲಿಲ್ಲ. "ಫೋಟೋ ತೋರಿಸು," ಎಂದರು.

ಅವಳು ಕ್ಯಾಮೆರಾ ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು, ಒಂದೊಂದೇ ಚಿತ್ರ ದಾಟಿಸುತ್ತಾ ಹೋದರು. ತಟ್ಟೆ, ಅದರಲ್ಲಿ ಪಿನ್ನು ಇದ್ದ ಚಿತ್ರದಲ್ಲಿ ಬಹಳ ಹೊತ್ತು ನಿಂತರು. ಆಮೇಲೆ ಮಂಡಿಯೂರಿ ಕೂಗುತ್ತಿರುವ ತಮ್ಮ ಮುಖದ ಮುಂದೆ ನಿಂತರು.

"ಇದು ಚೆನ್ನಾ..." ಎಂದವಳು ನಾಲಿಗೆ ಕಚ್ಚಿಕೊಂಡಳು. "ಇಲ್ಲಿ ಮೀಸೆಯನ್ನ ಕೂಗ್ತಿದ್ರಲ್ಲ."

"ಮೀಸೆ ನನ್ನ ಹಿಂದೆ ಇದ್ದ." ಭಾವ ಕ್ಯಾಮೆರಾದಿಂದ ತಲೆ ಎತ್ತಲಿಲ್ಲ. "ನಾನು ನಿನ್ನನ್ನ ಕೇಳ್ತಿದ್ದೆ. ಪಿನ್ನು ನೋಡಿದೆಯಾ ಅಂತ. ಎರಡು ಸಲ ಕೇಳ್ದೆ."

ಅವಳು ಚಿತ್ರದ ಕಡೆ ಬಗ್ಗಿದಳು. ಹೌದು. ಆ ಕಣ್ಣುಗಳು ನೇರ ಲೆನ್ಸಿನೊಳಗೆ ನೋಡುತ್ತಿದ್ದವು. ಎರಡು ದಿನ ಅದನ್ನೇ ನೋಡಿದ್ದಳು, ಬೆಳಕು ನೋಡಿದ್ದಳು, ನರ ನೋಡಿದ್ದಳು, ಯಾರನ್ನು ನೋಡುತ್ತಿದ್ದಾರೆ ಎಂದು ನೋಡಿರಲಿಲ್ಲ.

"ನಾನು... ನಾನೇನು ಹೇಳ್ದೆ?"

"ನೀನು ಕೈ ಎತ್ತಿದೆ." ಭಾವ ತಮ್ಮ ಎಡಗೈ ಎತ್ತಿ, ಅಂಗೈ ಅವಳ ಕಡೆ ತೋರಿಸಿದರು. "ಹೀಗೆ. ನಿನ್ನ ಹತ್ರ ಇಲ್ಲ ಅಂತ ತಿಳ್ಕೊಂಡೆ."

ಶೆಡ್ಡಿನ ತಗಡಿನ ಮೇಲೆ ಯಾವುದೋ ಹಕ್ಕಿ ನಡೆದಾಡುವ ಸದ್ದು ಕೇಳುತ್ತಿತ್ತು. ಆ ಅಂಗೈಯ ಎದುರಿಗೆ ಅವಳು ಅಲ್ಲಾಡದೆ ನಿಂತಿದ್ದಳು. ಆಮೇಲೆ ಭಾವ ಕೈ ಇಳಿಸಿ, ಕನ್ನಡಕ ತೆಗೆದು ಜೇಬಿಗಿಟ್ಟರು. ಕುತ್ತಿಗೆಯಿಂದ ಬೀಗದ ಕೈಯ ದಾರ ಬಿಚ್ಚಿ ಅದನ್ನೂ ಜೇಬಿಗಿಟ್ಟರು.

ಹೊರಗೆ ಒಂದು ಕಾರು ಬಂದು ನಿಂತ ಸದ್ದಾಯಿತು. ಭಾವ ಪಿನ್ನು ಕಿತ್ತು ಅವಳ ಕೈಗಿತ್ತರು.

"ನೀನೇ ಕೊಡು. ಗೆರೆ ಮೇಲೆ ನಿಲ್ಲಿಸಿದ್ದು ನಾನು, ಅದನ್ನ ನಾನು ಹೇಳ್ತೀನಿ. ಇದನ್ನ ನೀನು ಹೇಳು."

"ಆ ದರ್ಜಿ..." ಎಂದಳು ಅವಳು.

"ಅವನ ಹತ್ರಕ್ಕೂ ಹೋಗೋಣ. ಮೊದಲು ಇದು."

ಅವರು ಟೋಪಿ ಸರಿಮಾಡಿಕೊಂಡು ಬಿಸಿಲಿಗೆ ನಡೆದರು. ದೊಡ್ಡ ಸಾಹೇಬರ ಕಾರು ಸೀದಾ ಬಂದು ಠಾಣೆಯ ಬಾಗಿಲ ಮುಂದೆ ನಿಂತಿತ್ತು. ಭಾವ ಸಲ್ಯೂಟ್ ಹೊಡೆದು, ಸಾಹೇಬರು ಬಾಗಿಲು ತೆರೆಯುವ ಮೊದಲೇ ಕಿಟಕಿಗೆ ಬಗ್ಗಿದರು. "ಸಾರ್, ತಪ್ಪು ತಿಳ್ಕೋಬೇಡಿ. ಗಾಡಿ ಹಳದಿ ಗೆರೆ ಬಿಟ್ಟು ನಿಲ್ಲಿಸಿ."

ಒಳಗಿದ್ದವರು ಒಂದು ಗಳಿಗೆ ಅವರನ್ನು ದುರುಗುಟ್ಟಿ ನೋಡಿದರು. ಆಮೇಲೆ ಕಾರು ಹಿಂದಕ್ಕೆ ಸರಿಯಿತು. ಸಾಹೇಬರು ಕಡತ ಹಿಡಿದು ಇಳಿದು, ಕೋಟು ತೊಟ್ಟು ಎದುರಿಗೆ ನಿಂತಿದ್ದ ಹೆಂಗಸನ್ನು ಮೇಲಿನಿಂದ ಕೆಳಗೆ ನೋಡಿ, "ಇವರು ಯಾರು?" ಎಂದರು.

ಅವಳು ಕ್ಯಾಮೆರಾವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡಳು. ಎಡಗೈ ಎತ್ತಿ ಮುಂದೆ ಚಾಚಿ, ಮುಷ್ಟಿ ಬಿಚ್ಚಿದಳು. ಪಿನ್ನಿನ ಪಕ್ಕದಲ್ಲೇ, ಗಟ್ಟಿಯಾಗಿ ಹಿಡಿದಿದ್ದ ಅದರ ಬಳೆಯ ಗುರುತು ಅಂಗೈ ನಡುವೆ ಕೆಂಪಗೆ ಮೂಡಿತ್ತು.